ಅತ್ತೆ ಕರೆದರೆ ಬರುವ ಗಿಡ

ಗಿಡ ಇದ್ದದ್ದು ಮಕ್ತಲ್ ರಸ್ತೆಯಲ್ಲೋ ಜೂರಾಲ ಕಾಲುವೆಯ ದಂಡೆಯಲ್ಲೋ, ಈಗ ಆಣೆ ಮಾಡಿ ಹೇಳಲಾರೆ. ನೆನೆದಾಗಲೆಲ್ಲ ಅದು ಜಾಗ ಬದಲಿಸುತ್ತದೆ. ಆದರೆ ನಮ್ಮ ಸೋದರತ್ತೆಗೆ ನೆಂಟರಿಗಿಂತ ಗಿಡಗಳ ಜೊತೆಗೇ ಬಳಕೆ ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ. ಮದ್ದಿನ ಗಿಡವನ್ನು ಅವರು ಕಂಡ ಕೂಡಲೇ ಕೀಳುವುದಿಲ್ಲ. ಹಿಂದಿನ ಸಂಜೆ ಹೋಗಿ, ಬುಡಕ್ಕೆ ಅರಿಶಿನದ ಅಕ್ಕಿ ಹಾಕಿ, ನಾಳೆ ಇಂಥವರಿಗಾಗಿ ಬರಬೇಕೆಂದು ಕರೆದು ಬರಬೇಕು! ಇದು ಬೇರು ಮಾರಲು ಕಾಡಿನಿಂದ ಬರುತ್ತಿದ್ದ ಚೆಂಚು ಬುಡಕಟ್ಟಿನ ಅಜ್ಜಿಯೊಬ್ಬಳು ಕಲಿಸಿದ ರೀತಿಯಂತೆ. ಮಗಳ ಮದುವೆಗೆ ಕರೆಯುವಾಗಲೂ ಅತ್ತೆ ಇಷ್ಟು ಮರ್ಯಾದೆ ತೋರಿಸಿದ್ದನ್ನು ನಾನು ಕಾಣೆ.

ಮಾವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಲೇ ರೇಗಿಸುತ್ತಿದ್ದರು: "ಗಿಡಕ್ಕ ಬಸ್ ಚಾರ್ಜ್ ಕೊಟ್ಟು ಬಂದಿಯೇನ?"

"ಅದು ಒಂದ್ಸಲ ಕರದ್ರ ಬರ್ತೈತಿರೀ. ಊಟಕ್ಕ ನಿಮ್ಮನ್ನ ಎಷ್ಟ್ ಸಲ ಕರೀಬೇಕು?"

ಒಮ್ಮೆ ಕೆಮ್ಮಿಗೆಂದು ಕರೆದ ಗಿಡವನ್ನು ಬೆಳಗಾಗುವುದರೊಳಗೆ ಯಾರದೋ ಮೇಕೆ ಮೇಯ್ದಿತ್ತು. ಅತ್ತೆ ಬೈದರೇ? ಇಲ್ಲ! "ಪಾಪ, ಅದಕ್ಕೂ ಕೆಮ್ಮಿತ್ತೇನೋ" ಎಂದರು.

ಹೀಗಿರುವಾಗ ಅತ್ತೆಯ ಮೊಣಕಾಲೇ ಬಾತುಕೊಂಡಿತು. ಗೋಡೆ ಹಿಡಿಯದೆ ಏಳಲಾಗದು. ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟಬೇಕು. ಆದರೆ ತನ್ನ ನೋವಿಗೆ ತಾನೇ ಗಿಡವನ್ನು ಕರೆಯುವಂತಿಲ್ಲ! ನಾನು ಗದ್ವಾಲದಿಂದ ಮುಲಾಮು ತಂದೆ. ಅತ್ತೆ ಟ್ಯೂಬನ್ನು ತಿರುಗಿಸಿ ನೋಡಿದರು.

"ಇದನ್ನ ಯಾರು ಕರದಿದ್ರು?"

"ಹಂಗಾರ ನಾನ ಹೋಗಿ ಲಕ್ಕಿ ಗಿಡ ಕರದು ಬರ್ತೀನಿ, ಅತ್ತಿ."

"ಬ್ಯಾಡಪಾ. ನಿನಗ ನಗು ತಡ್ಯಾಕ ಆಗಂಗಿಲ್ಲ. ಗಿಡಕ್ಕ ಸಿಟ್ಟು ಬರ್ತೈತಿ."

ಆ ಸಂಜೆ ಮಗ್ಗದ ಸದ್ದು ನಡುವೆಯೇ ನಿಂತಿತು. ಮಾವ ಕುಣಿಯಿಂದೆದ್ದು, ಡಬ್ಬಿಯೊಳಗಿನ ಅಕ್ಕಿಗೆ ತಾವೇ ಅರಿಶಿನ ಹಚ್ಚಿಕೊಂಡು, ಯಾರಿಗೂ ಹೇಳದೆ ಹೊರಟರು. ನಾನು ತಿರುವಿನವರೆಗೆ ಹಿಂದೆ ಹೋದೆ. ಅವರು ಒಂದು ಗಿಡದ ಮುಂದೆ ನಿಂತು, ಆಚೀಚೆ ಜನ ಬರುತ್ತಾರೇನೋ ನೋಡಿ, ಹೆಗಲ ಟವೆಲ್ಲು ತೆಗೆದು ಬಾಗಿದರು. ಬಹಳ ಹೊತ್ತು ಮಾತಾಡಿದರು. ಮನೆಯಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ.

ಬೆಳಿಗ್ಗೆ ಸೊಪ್ಪು ಬಂತು. ಲಕ್ಕಿಯಾದರೆ ವಾಸನೆ ಪಡಸಾಲೆಗೆಲ್ಲ ಹರಡಬೇಕು. ಇದಕ್ಕೆ ವಾಸನೆಯೇ ಇಲ್ಲ! ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅದನ್ನು ಮೂಸಿ, ಮಾವನ ಮುಖ ನೋಡಿದರು.

"ಬಂದೈತಿ," ಎಂದು ಕಾಲು ಚಾಚಿದರು. "ಏನಂತ ಕರದ್ರೀ?"

"ನಿನಗ್ಯಾಕ? ಅದಕ್ಕ ಹೇಳೀನಿ."

ಬಾವು ಇಳಿಯಿತು, ಅಥವಾ ಇಳಿಯಿತೆಂದು ಅತ್ತೆ ಹೇಳಿದರು. ಅದು ಯಾವ ಗಿಡವೋ, ಮಾವ ಅಷ್ಟು ಹೊತ್ತು ಅದಕ್ಕೆ ಏನು ಹೇಳಿದರೋ, ನನಗೆ ಗೊತ್ತಿಲ್ಲ.