ನಮ್ಮವನಿಗೆ ಬಂದ ಸಂಬಂಧ

ಸ್ವಂತ ತಂಗಿಯ ಮೇಲೆ ಸವತಿಮತ್ಸರ ಪಟ್ಟ ಅಣ್ಣ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಇದನ್ನೇನೂ ಹೆಮ್ಮೆಯಿಂದ ಹೇಳುತ್ತಿಲ್ಲ. ನಾನು ಹೇಳದಿದ್ದರೆ ಆ ತಂಗಿಯೇ ಉಪ್ಪುಖಾರ ಹಚ್ಚಿ ಊರಿಗೆಲ್ಲ ಸಾರುತ್ತಾಳೆ. ಅದಕ್ಕಿಂತ ನಾನೇ ಸಪ್ಪೆಯಾಗಿ ಒಪ್ಪಿಸಿಬಿಡುವುದು ವಾಸಿ.

ನನಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಎದುರು ಗೋಡೆಯ ಅಕ್ಷರ ಓದಿಸಿ, 'ಈ ಗಾಜು ಚೆನ್ನಾಗಿದೆಯಾ, ಆ ಗಾಜಾ?' ಎಂದು ದಿನವಿಡೀ ಕೇಳುತ್ತಿರುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಅಂಗಡಿಯಿದ್ದ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ನಾನೊಬ್ಬನೇ. ಮುಕ್ಕಾಲು ಗಂಟೆ ಬೆವತು ಕೂತ ಮೇಲೆ ಮೇಲುಗಡೆಯ ಬಾಗಿಲು ಸರಿದು, ಗ್ರೀಸ್ ಮೆತ್ತಿದ ಕೈಯೊಂದು ಕೆಳಗೆ ಬಂತು. "ಹೆದರ್ಬೇಡಿ, ಕೈ ಕೊಡಿ," ಅಂದಿತು ಒಂದು ಧ್ವನಿ. ಕೊಟ್ಟೆ. (ನಮ್ಮ ಭಾಷೆಯಲ್ಲಿ ಕೈ ಕೊಡುವುದಕ್ಕೆ ಇನ್ನೊಂದು ಅರ್ಥವೂ ಉಂಟು. ಆ ಅರ್ಥದಲ್ಲಿ ಕೈ ಕೊಟ್ಟವನೂ ನಾನೇ. ಅದು ಮುಂದೆ ಬರುತ್ತದೆ.)

ಆ ಲಿಫ್ಟ್ ಮೆಕ್ಯಾನಿಕ್ಕೂ ನಾನೂ ಈಗ ಒಂದೇ ಮನೆಯಲ್ಲಿದ್ದೇವೆ. ಹೆಂಗಸರು ಗಂಡನನ್ನು 'ನಮ್ಮವರು' ಎಂದು ಎಷ್ಟು ಸಲೀಸಾಗಿ ಅನ್ನುತ್ತಾರೆ! ನಾನೂ ಮನಸ್ಸಿನೊಳಗೆ ಅವನನ್ನು 'ನಮ್ಮವನು' ಎಂದೇ ಕರೆಯುವುದು. ಬಾಯಿ ತೆರೆದರೆ ಮಾತ್ರ 'ರೂಮ್‌ಮೇಟು'. ಮನೆಯಲ್ಲಿ ಎರಡು ಕೋಣೆ, ಎರಡು ಮಂಚ. ಎರಡನೆಯ ಮಂಚದ ಮೇಲೆ ನಾಲ್ಕು ವರ್ಷದಿಂದ ಮಲಗುತ್ತಿರುವುದು ಇಸ್ತ್ರಿಗೆ ಕಾದ ಬಟ್ಟೆಗಳು. ಅಪ್ಪ ಅಮ್ಮ ಬರುತ್ತಾರೆಂದು ಗೊತ್ತಾದಾಗಲೆಲ್ಲ ಆ ಬಟ್ಟೆಗಳನ್ನು ಎಬ್ಬಿಸಿ, ಹಾಸಿಗೆಯನ್ನು ಯಾರೋ ಮಲಗಿ ಎದ್ದ ಹಾಗೆ ಶ್ರದ್ಧೆಯಿಂದ ಸುಕ್ಕು ಮಾಡುವ ಕೆಲಸ ನನ್ನದು.

"ಈ ಸಲವಾದ್ರೂ ಹೇಳ್ತೀಯೇನೋ?" ಎಂದು ನಮ್ಮವನು ಕೇಳಿದ, ಆ ಶುಕ್ರವಾರ ನಾನು ಹಾಸಿಗೆ ಸುಕ್ಕು ಮಾಡುತ್ತಿದ್ದಾಗ.

"ಸಮಯ ನೋಡ್ಕೊಂಡು ಹೇಳ್ತೀನಿ ಕಣೋ."

"ನಾಲ್ಕು ವರ್ಷದಿಂದ ಬರೀ ಸಮಯ ನೋಡ್ತಿದ್ದೀಯ. ಕನ್ನಡಕದ ಬದಲು ಗಡಿಯಾರದ ಅಂಗಡಿ ಸೇರಿದ್ರೆ ಉದ್ಧಾರ ಆಗ್ತಿದ್ದೆ."

ಅವನಿಗೇನು, ಹೇಳುತ್ತಾನೆ. ತನ್ನನ್ನು ಸಾಕಿ ಬೆಳೆಸಿದ ಅಕ್ಕನಿಗೆ ಅವನು ಎಲ್ಲವನ್ನೂ ಎಂದೋ ಹೇಳಿ ಮುಗಿಸಿದ್ದ. ಆಕೆ ಆರು ತಿಂಗಳು ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ತಾನೇ ಫೋನ್ ಮಾಡಿ, ಏನೂ ನಡೆದೇ ಇಲ್ಲವೆಂಬಂತೆ ಇಬ್ಬರ ಸ್ವೆಟರಿನ ಅಳತೆ ಕೇಳಿದಳು. ಆದರೆ ಆ ಆರು ತಿಂಗಳಲ್ಲಿ ನಮ್ಮವನು ಫೋನನ್ನು ದಿನಕ್ಕೆ ಎಷ್ಟು ಸಲ ತೆಗೆದು ನೋಡಿ ಮತ್ತೆ ಕಿಸೆಗಿಡುತ್ತಿದ್ದ ಎಂದು ಕಂಡವನು ನಾನು. ನನ್ನ ಹೆದರಿಕೆಯ ಬೇರು ಅಲ್ಲಿತ್ತು.

ಇನ್ನು ಹೊಟ್ಟೆಕಿಚ್ಚು. ಅದು ನನಗೆ ಹುಟ್ಟಿನಿಂದಲೇ ಬಂದ ಅಕ್ಷಯ ಸಂಪತ್ತು. ವಾರಕ್ಕೊಮ್ಮೆ ಲಿಫ್ಟ್ ಕೆಡಿಸಿಕೊಂಡು ನಮ್ಮವನನ್ನೇ ಕಳಿಸಿ ಎನ್ನುವ ಎಂಟನೇ ಮಹಡಿಯ ಹಲ್ಲಿನ ಡಾಕ್ಟರ ಮೇಲೆ ಹೊಟ್ಟೆಕಿಚ್ಚು. ಅವನ ತಲೆಗೂದಲನ್ನು ಅಗತ್ಯಕ್ಕಿಂತ ನಿಧಾನವಾಗಿ ಕತ್ತರಿಸುವ ಕ್ಷೌರಿಕನ ಮೇಲೆ ಹೊಟ್ಟೆಕಿಚ್ಚು. ಹೆಚ್ಚೇಕೆ, ಅವನು ಹಾಡು ಗುನುಗುತ್ತ ಎಣ್ಣೆ ಬಿಡುವ ಮೋಟಾರಿನ ಮೇಲೂ ಹೊಟ್ಟೆಕಿಚ್ಚು. ಔಷಧಿ ಅಂಗಡಿಯಲ್ಲಿ ಹೊಟ್ಟೆ ಉರಿಗೆ ಮಾತ್ರೆ ಕೊಡಿ ಎಂದರೆ, ಅವರು ಕೊಡುವುದು ಬೇರೆ ಯಾವುದೋ ಉರಿಗೆ.

ಅಪ್ಪ ಅಮ್ಮ ಮತ್ತು ತಂಗಿ ಶುಕ್ರವಾರ ಸಂಜೆ ಬಂದರು. ಅಪ್ಪನಿಗೆ ಹೊಸ ಕನ್ನಡಕ ಮಾಡಿಸುವುದಿತ್ತು. ಅಪ್ಪ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. 'ಚಾಲಕರೊಂದಿಗೆ ಮಾತನಾಡಬಾರದು' ಎಂಬ ಬೋರ್ಡಿನ ಕೆಳಗೆ ಅಷ್ಟು ಕಾಲ ಕೂತು, ಅದನ್ನು ಮನೆಗೂ ಅನ್ವಯಿಸಿಕೊಂಡಿದ್ದರು. ಅಮ್ಮ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಅವರಿಗೆ ಲೋಕದ ಜನರೆಲ್ಲ ರೋಗಿಗಳು, ಕೆಲವರು ಇನ್ನೂ ಅಡ್ಮಿಟ್ ಆಗಿಲ್ಲ ಅಷ್ಟೆ. ತಂಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ನನ್ನನ್ನು ನೋಡಿದಾಗಲೆಲ್ಲ ತಪ್ಪು ಉತ್ತರ ನೋಡಿದಂತೆ ಹುಬ್ಬು ಗಂಟಿಕ್ಕುತ್ತಾಳೆ.

ಬಂದ ಅರ್ಧ ಗಂಟೆಯೊಳಗೆ ನಮ್ಮವನು ಅಮ್ಮನ ಸೂಟ್‌ಕೇಸಿನ ಮುರಿದ ಚಕ್ರ ಸರಿಮಾಡಿದ. ರಾತ್ರಿ ಅಡುಗೆಮನೆ ಒರೆಸಿದ. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಕಾಫಿ ಮಾಡಿ, ಅಪ್ಪನ ಪಕ್ಕ ಕೂತು ಬ್ರೇಕಿನ ಬಗ್ಗೆ ಮಾತಾಡಿದ. ಬಸ್ಸಿನದು, ಲಿಫ್ಟಿನದು. ಅಪ್ಪ ಆ ಒಂದು ಬೆಳಗಿನಲ್ಲಿ ಆಡಿದಷ್ಟು ಮಾತನ್ನು ನನ್ನೊಡನೆ ಈ ಜನ್ಮದಲ್ಲಿ ಆಡಿಲ್ಲ. (ನೋಡಿ, ಇಲ್ಲೂ ಸ್ವಲ್ಪ ಉರಿಯಿತು. ಯಾರ ಮೇಲೆ ಎಂದು ತೀರ್ಮಾನವಾಗಲಿಲ್ಲ.)

ಶನಿವಾರ ಬೆಳಿಗ್ಗೆ ಲೋಟ ತೊಳೆಯುತ್ತ ಅಮ್ಮ ಮೆಲ್ಲಗೆ ಕೇಳಿದರು: "ಪುಟ್ಟಾ, ನಿನ್ನ ರೂಮ್‌ಮೇಟು ಹೇಗೆ?"

"ಒಳ್ಳೆಯವನಮ್ಮ. ಅಂಥವನು ಸಿಗೋದು ಕಷ್ಟ."

"ನಂಗೂ ಹಾಗೇ ಅನ್ನಿಸ್ತು. ಮನೆಯವನ ಥರಾನೇ ಇದ್ದಾನೆ."

"ಹೂಂ ಅಮ್ಮ," ಎಂದೆ. ನಾನು ಹೇಳಲಾರದ್ದನ್ನು ಅಮ್ಮ ತಾವಾಗಿಯೇ ಹೇಳಹೊರಟಿದ್ದಾರೆ! ತಾಯಿಯ ಕರುಳು ಅಂದರೆ ಇದು!

"ನಮ್ಮ ಹುಡುಗಿಗೆ ಕೇಳಿದ್ರೆ ಹೇಗೆ?"

"ಯಾವ ಹುಡುಗಿಗೆ?"

"ನಮ್ಮನೇಲಿ ಎಷ್ಟು ಜನ ಹುಡುಗೀರಿದ್ದಾರೋ? ನಿನ್ನ ತಂಗಿಗೆ!"

ಕೈಲಿದ್ದ ಲೋಟ ಸಿಂಕಿಗೆ ಬಿತ್ತು. ಒಬ್ಬ ಮರ್ಯಾದಸ್ಥ ಮನುಷ್ಯ ಆ ಕ್ಷಣದಲ್ಲಿ ನಿಜ ಹೇಳುತ್ತಿದ್ದ. ನಾನು ಏನು ಮಾಡಿದೆ? ಪ್ರಾಣಕ್ಕಿಂತ ಹೆಚ್ಚಾದವನ ಮಾನವನ್ನು ಅಲ್ಲೇ, ಅದೇ ಸಿಂಕಿನಲ್ಲಿ ತೊಳೆದುಬಿಟ್ಟೆ.

"ಬೇಡಮ್ಮ! ಅವನು ಗೊರಕೆ ಹೊಡೀತಾನೆ. ಗೋಡೆ ಅದುರುತ್ತೆ."

"ಮೂಗಿನ ಮೂಳೆ ಇರ್ಬೇಕು. ಸಣ್ಣ ಆಪರೇಷನ್."

"ಕುಡೀತಾನೆ."

"ಬಿಡಿಸೋ ವಾರ್ಡಲ್ಲಿ ಆರು ವರ್ಷ ಇದ್ದೆ ನಾನು."

"ವಾರಕ್ಕೊಂದೇ ಸಲ ಸ್ನಾನ ಮಾಡ್ತಾನೆ!"

"ಅಷ್ಟೆ ತಾನೆ? ಬಿಸಿನೀರು ಕಾಯಿಸಿ ಎದುರಿಗೆ ಇಟ್ರೆ ಮಾಡ್ತಾನೆ."

ನನ್ನ ಬತ್ತಳಿಕೆ ಬರಿದಾಗಿ ಕೊನೆಯ ಬಾಣ ಬಿಟ್ಟೆ. "ಅವನಿಗೆ ಆಗಲೇ ಒಬ್ಬರು ಇದ್ದಾರಮ್ಮ."

ಅಮ್ಮನ ಕೈ ನಿಂತಿತು. "ಯಾರವಳು? ಏನು ಕೆಲಸ?"

"ಕನ್ನಡಕದ ಅಂಗಡೀಲಿ..." ಎಂದೆ. ಸುಳ್ಳು ಹೇಳುವಾಗಲೂ ಕಲ್ಪನೆ ಬೇಕಲ್ಲ.

"ನಿಮ್ಮ ಅಂಗಡೀಲಾ? ಅಷ್ಟು ಹತ್ತಿರ ಇದ್ದೂ ಇವನ ಮನೆಗೆ ಒಂದು ಸಲ ಮುಖ ತೋರಿಸಿಲ್ಲ ಅಂದ್ರೆ, ಅವಳಿಗೆ ಇವನ ಮೇಲೆ ಮನಸ್ಸಿಲ್ಲ ಕಣೋ. ಅಂಥವಳನ್ನ ಕಟ್ಕೊಂಡು ಆ ಹುಡುಗ ಸುಖ ಪಡೋದುಂಟಾ? ಪಾಪ!"

ಆ 'ಅಂಥವಳು' ಲೋಟ ಒರೆಸಿದಳು.

ಭಾನುವಾರ ಬೆಳಿಗ್ಗೆ ಅಮ್ಮ ಬ್ರೆಡ್ ಮುಗಿದಿದೆ ಎಂದು ಘೋಷಿಸಿ (ಮುಗಿದಿರಲಿಲ್ಲ, ಸೂಟ್‌ಕೇಸಿನಲ್ಲಿ ಅಡಗಿಸಿದ್ದರು) ನಮ್ಮವನನ್ನೂ ತಂಗಿಯನ್ನೂ ಜೊತೆಯಾಗಿ ಅಂಗಡಿಗೆ ಕಳಿಸಿದರು. ಅಂಗಡಿ ಇರುವುದು ರಸ್ತೆಯ ತಿರುವಿನಲ್ಲಿ, ನಾಲ್ಕು ನಿಮಿಷದ ದಾರಿ. ಹತ್ತು ನಿಮಿಷ ಆಯಿತು. ಅರ್ಧ ಗಂಟೆ ಆಯಿತು. ನಾನು ಕಿಟಕಿಗೆ ಅಂಟಿಕೊಂಡೆ. ದಿನಕ್ಕೆ ಮೂವತ್ತು ಜನರ ದೃಷ್ಟಿ ಪರೀಕ್ಷಿಸುವವನಿಗೆ ಮೂರನೇ ಮಹಡಿಯಿಂದ ರಸ್ತೆಯ ಆ ತುದಿ ಕಾಣದೆ, ಹಿಂದಿನ ದಿನವಷ್ಟೇ ಮಾಡಿಸಿದ್ದ ಅಪ್ಪನ ಹೊಸ ಕನ್ನಡಕ ಹಾಕಿಕೊಂಡು ನೋಡಿದೆ. ತಲೆ ಸುತ್ತಿತು. ಎರಡು ಗಂಟೆಯ ಮೇಲೆ ಇಬ್ಬರೂ ನಗುತ್ತ ಬಂದರು. ತಂಗಿಯ ಮೈಮೇಲೆ ಅವನ ನೀಲಿ ಜಾಕೆಟ್! ಅದನ್ನು ಕೊಡಿಸಿದ್ದು ನಾನು. ಅದರ ಕಿತ್ತುಹೋದ ಗುಂಡಿಯನ್ನು ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೊಲಿದವನೂ ನಾನು.

"ಚಳಿ ಆಯ್ತು, ಇವರೇ ಕೊಟ್ರು," ಎಂದಳು ತಂಗಿ. ಆ 'ಇವರೇ' ಎನ್ನುವ ಮೂರಕ್ಷರವನ್ನು ಅವಳು ಎಳೆದ ರೀತಿ! ಬಾಲ್ಯದಲ್ಲಿ ನನ್ನ ಸೈಕಲ್ ಕಿತ್ತುಕೊಂಡಿದ್ದಳು, ಬಿಟ್ಟುಕೊಟ್ಟಿದ್ದೆ. ಕಿಟಕಿ ಪಕ್ಕದ ಸೀಟು, ದೊಡ್ಡ ಕೋಣೆ, ಎಲ್ಲವನ್ನೂ ಬಿಟ್ಟುಕೊಟ್ಟಿದ್ದೆ. ಇದಕ್ಕೂ ಒಂದು ಮಿತಿ ಬೇಡವೇ?

ಮಧ್ಯಾಹ್ನ ಊಟಕ್ಕೆ ಕೂತೆವು. ಅಮ್ಮ ನೀರು ಕುಡಿದು ಗಂಟಲು ಸರಿಮಾಡಿಕೊಂಡರು.

"ನೋಡಪ್ಪಾ, ಸುತ್ತಿ ಬಳಸಿ ಮಾತಾಡೋಳಲ್ಲ ನಾನು. ನಮ್ಮ ಹುಡುಗೀನ ಮದುವೆ ಆಗ್ತೀಯಾ?"

ನಮ್ಮವನು ನನ್ನನ್ನು ನೋಡಿದ. ನಾನು ಉಪ್ಪಿನ ಡಬ್ಬಿಯನ್ನು ನೋಡಿದೆ. ಅದರ ಮೇಲೆ ಅಷ್ಟು ಹೊತ್ತು ಓದುವಂಥದ್ದೇನೂ ಬರೆದಿರಲಿಲ್ಲ. ಕೈ ಕೊಡುವುದು ಎಂದೆನಲ್ಲ, ಅದು ಇದು.

"ಅಮ್ಮಾ, ನಂಗೆ ಒಬ್ಬರಿದ್ದಾರೆ," ಎಂದ ಅವನು.

"ಗೊತ್ತು. ಆ ಕನ್ನಡಕದವಳು ತಾನೆ?"

"ಅವಳು...?"

"ಇವನೇ ಹೇಳಿದ. ನೀನು ಗೊರಕೆ ಹೊಡೆಯೋದು, ಕುಡಿಯೋದು, ವಾರಕ್ಕೊಂದೇ ಸಲ ಸ್ನಾನ ಮಾಡೋದು, ಎಲ್ಲಾ ಹೇಳಿದ್ದಾನೆ. ಬೇಜಾರು ಮಾಡ್ಕೋಬೇಡಪ್ಪ, ಎಲ್ಲದಕ್ಕೂ ಚಿಕಿತ್ಸೆ ಇದೆ."

ನಮ್ಮವನು ಚಮಚವನ್ನು ಸದ್ದಾಗದಂತೆ ತಟ್ಟೆಯ ಪಕ್ಕಕ್ಕೆ ಇಟ್ಟ. ಅವನು ಕೂಗಾಡಿದರೆ ನಾನು ಹೆದರುವವನಲ್ಲ. ವಸ್ತುಗಳನ್ನು ಹೀಗೆ ಮೆಲ್ಲಗೆ ಇಟ್ಟರೆ ಮಾತ್ರ ನನ್ನ ಜಂಘಾಬಲ ಉಡುಗುತ್ತದೆ.

"ಆ ಕನ್ನಡಕದವಳಿಗೋಸ್ಕರ ನಾಲ್ಕು ವರ್ಷ ಕಾದಿದ್ದೀನಮ್ಮ," ಎಂದ. "ಮನೇಲಿ ಹೇಳ್ತೀನಿ, ಹೇಳ್ತೀನಿ ಅಂತಾನೇ ಇದ್ದಾಳೆ. ಈ ಊಟ ಮುಗಿಯೋದ್ರೊಳಗೆ ಅವಳು ಹೇಳ್ಲಿಲ್ಲ ಅಂದ್ರೆ, ನಂಗೆ ಯಾರೂ ಇಲ್ಲ ಅಂತ ತಿಳ್ಕೊಳ್ಳಿ."

ಅವನ ದನಿ ಕೊನೆಯಲ್ಲಿ ಸ್ವಲ್ಪ ಒಡೆಯಿತು. ಅದು ನಾಟಕವಲ್ಲ ಎಂದು ನನಗೊಬ್ಬನಿಗೆ ಗೊತ್ತಾಯಿತು.

ಆಗ ನನ್ನ ಒಡಹುಟ್ಟಿದವಳು, ಅದೇ ನೀಲಿ ಜಾಕೆಟ್ ತೊಟ್ಟುಕೊಂಡು, ಅವನ ಭುಜದ ಮೇಲೆ ಕೈಯಿಟ್ಟಳು. "ಹೋಗ್ಲಿ ಬಿಡಿ. ಅಂಥವಳನ್ನ ಎಷ್ಟೂಂತ ಕಾಯ್ತೀರಾ? ನಾನಿಲ್ವಾ?"

"ತೆಗಿಯೇ ಕೈ!" ಕುರ್ಚಿ ಹಿಂದಕ್ಕೆ ಬಿದ್ದದ್ದು ಕೇಳಿದಾಗಲೇ ನಾನು ಎದ್ದು ನಿಂತಿದ್ದೇನೆಂದು ತಿಳಿದದ್ದು. "ಆ ಕನ್ನಡಕದವಳು ನಾನೇ!"

ಅಪ್ಪ ತಟ್ಟೆಯಿಂದ ತಲೆಯೆತ್ತಿದರು. "ನೀನು... ಅವಳಾ?"

"ಅವಳಲ್ಲಪ್ಪ, ಅವನು. ಅಂದ್ರೆ ಅವಳು ಅಂತ ಯಾರೂ ಇಲ್ಲ. ಇರೋದು ನಾನೇ. ನಾಲ್ಕು ವರ್ಷದಿಂದ ನಾವಿಬ್ರೂ... ನಾನು ಇವನನ್ನ ಪ್ರೀತಿಸ್ತೀನಪ್ಪ."

ಕೊನೆಯ ಮಾತು, ನಮ್ಮ ಅಂಗಡಿಯ ಗೋಡೆಯಲ್ಲಿ ಯಾರಿಗೂ ಓದಲಾಗದ ಕಟ್ಟಕಡೆಯ ಸಾಲಿನಷ್ಟು ಸಣ್ಣದಾಗಿ ಬಂತು. ಆದರೂ ಎಲ್ಲರಿಗೂ ಕೇಳಿಸಿತು. ಅಮ್ಮ ತಮ್ಮ ಎಡಗೈಯ ನಾಡಿಯ ಮೇಲೆ ಬಲಗೈಯ ಬೆರಳಿಟ್ಟು ಒಂದು ನಿಮಿಷ ಕೂತರು. ಆಮೇಲೆ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾಲ್ಕು ವರ್ಷದಿಂದ ನಾನು ಹೆದರಿದ್ದು ಆ ಬಾಗಿಲು ಮುಚ್ಚುವ ಸದ್ದಿಗೇ. ಅಂಥ ದೊಡ್ಡ ಸದ್ದೇನೂ ಆಗಲಿಲ್ಲ. ನಮ್ಮವನು ಬಿದ್ದ ಕುರ್ಚಿ ಎತ್ತಿ, ನನ್ನನ್ನು ಹಿಡಿದು ಕೂರಿಸಿದ.

ಅಪ್ಪ ಬಹಳ ಹೊತ್ತು ರಸ್ತೆ ನೋಡುವವರಂತೆ ಗೋಡೆ ನೋಡಿದರು. ಕೊನೆಗೆ ನಮ್ಮವನ ಕಡೆ ತಿರುಗಿ, "ನೀನು ಕುಡೀತೀಯಾ?" ಎಂದರು.

"ಇಲ್ಲ ಅಂಕಲ್."

"ಸ್ನಾನ?"

"ದಿನಕ್ಕೆ ಎರಡು ಸಲ. ಗ್ರೀಸ್ ಇರುತ್ತಲ್ಲ."

"ಹಾಗಾದ್ರೆ ದೋಷ ಇರೋದು ನಮ್ಮ ಗಾಡೀಲೇ," ಎಂದು ಅಪ್ಪ ಎದ್ದು ಕೈ ತೊಳೆಯಲು ಹೋದರು.

"ನಿಂಗೆ ನಾಚಿಕೆ ಆಗ್ಲಿಲ್ವೇನೇ?" ಎಂದು ತಂಗಿಯ ಮೇಲೆ ಹರಿಹಾಯ್ದೆ.

"ನಂಗ್ಯಾಕೆ ನಾಚಿಕೆ? ಬೆಳಿಗ್ಗೆ ಪಾರ್ಕಿನಲ್ಲಿ ಕೂತು ಇವರು ಎಲ್ಲಾ ಹೇಳಿ ಅತ್ತುಬಿಟ್ರು ಅಣ್ಣಾ. ಎರಡು ಗಂಟೆ! ಹೊಟ್ಟೆಕಿಚ್ಚು ಬಿಟ್ರೆ ಬೇರೆ ಯಾವುದ್ರಿಂದಲೂ ನಿನ್ನ ಬಾಯಿ ಬಿಡಿಸೋಕಾಗಲ್ಲ ಅಂತ ನಂಗೆ ಚಿಕ್ಕಂದಿನಿಂದ ಗೊತ್ತು. ಜಾಕೆಟ್ ಐಡಿಯಾ ನಂದೇ. ತಗೋ, ಸೆಕೆ ಆಗ್ತಿದೆ," ಎಂದು ಕಳಚಿ ನನ್ನ ಮಡಿಲಿಗೆಸೆದಳು.

ಸಂಜೆ ಅಮ್ಮ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು. ನನ್ನ ಎದುರು ಕೂತು, ಕೇಸ್ ಶೀಟ್ ಓದುವವರಂತೆ ಒಂದೊಂದೇ ಮಾತು ಹೇಳಿದರು.

"ನಂಗೆ ಇದು ಅರ್ಥ ಆಗಿಲ್ಲ. ಅರ್ಥ ಆಗೋಕೆ ಸಮಯ ಬೇಕು. ಅಲ್ಲೀವರೆಗೆ ಸಿಟ್ಟು ಇರುತ್ತೆ. ಆದ್ರೆ ಸಿಟ್ಟು ನಿನ್ನ ಮೇಲೆ, ಅವನ ಮೇಲಲ್ಲ. ನಾಲ್ಕು ವರ್ಷ ಬಂದಾಗೆಲ್ಲ 'ಯಾವಾಗಪ್ಪಾ ನಿನ್ನ ಮದುವೆ' ಅಂತ ಆ ಹುಡುಗನ್ನ ಕೇಳಿದ್ದೀನಿ. ಪ್ರತಿ ಸಲ ಅವನು ನಗ್ತಿದ್ದ. ಎಂಥ ಪಾಪ ಮಾಡಿಸಿದ್ಯೋ ನನ್ನ ಕೈಲಿ!"

ನಾನು ಅತ್ತೆ. ಅಮ್ಮನೂ ಅತ್ತರು. ಆಮೇಲೆ ಮೂಗೊರೆಸಿಕೊಂಡು ನಮ್ಮವನನ್ನು ಕರೆದರು. "ಬಾಪ್ಪಾ ಇಲ್ಲಿ. ಇವನನ್ನ ಸರಿಯಾಗಿ ನೋಡೇ ಒಪ್ಪಿದ್ದಾ ನೀನು? ಹೆತ್ತವಳು ಹೇಳ್ತಿದ್ದೀನಿ, ಇನ್ನೊಂದು ಸಲ ಯೋಚ್ನೆ ಮಾಡು. ನಮ್ಮ ಜೊತೆ ನಾಲ್ಕು ದಿನ ಬಂದಿರು. ನಮ್ಮ ಕಟ್ಟಡದ ಲಿಫ್ಟೂ ಕೆಟ್ಟಿದೆ. ಇವನು ಇಲ್ಲೇ ಇದ್ದು ತಾನು ಮಾಡಿದ್ದನ್ನ ನೆನೀಲಿ."

'ಇಲ್ಲಮ್ಮ, ಇವನನ್ನು ಬಿಟ್ಟಿರಲಾರೆ' ಎನ್ನುತ್ತಾನೆಂದು ಕಾದೆ. ನಮ್ಮವನು ನನ್ನತ್ತ ಒಮ್ಮೆ ನೋಡಿ, "ವಾರಕ್ಕೊಂದೇ ಸಲ ಸ್ನಾನ ಅಲ್ವಾ? ಹಾಗಾದ್ರೆ ಟವಲ್ ಒಂದೇ ಸಾಕು," ಎಂದು ಚೀಲ ತುಂಬಲು ಹೋದ.

ನಾಲ್ಕು ದಿನ ಎಂದು ಹೋದವನಿಗೆ ಇವತ್ತಿಗೆ ಒಂಬತ್ತನೇ ದಿನ. ಲಿಫ್ಟು ಎರಡನೇ ದಿನವೇ ಸರಿಹೋಯಿತಂತೆ. ಅಪ್ಪ ಅವನನ್ನು ಹಳೆಯ ಬಸ್ ಡಿಪೋ ತೋರಿಸಲು ಕರೆದೊಯ್ದರಂತೆ (ನನ್ನನ್ನು ಯಾವತ್ತೂ ಕರೆದೊಯ್ದಿಲ್ಲ). ಇವತ್ತು ಮಧ್ಯಾಹ್ನ ಅಂಗಡಿಯಿಂದಲೇ ಫೋನ್ ಮಾಡಿದೆ. ಎತ್ತಿದ್ದು ಅಮ್ಮ.

"ಅವನು ಊಟ ಮಾಡ್ತಿದ್ದಾನೆ. ಆಮೇಲೆ ಮಾಡು."

"ಅಮ್ಮಾ, ಒಂದೇ ಒಂದು ನಿಮಿಷ..."

ಅಮ್ಮ ಫೋನ್ ಇಡಲಿಲ್ಲ. ಅತ್ತ ಕಡೆ ಪಾತ್ರೆಯ ಸದ್ದು, ತಂಗಿಯ ನಗು, ಅಪ್ಪನ ಕೆಮ್ಮು. ಆಮೇಲೆ, ಎಷ್ಟೋ ದಿನದಿಂದ ನಾನು ಕೇಳದಿದ್ದ ಅಷ್ಟು ಮೆತ್ತಗಿನ ದನಿಯಲ್ಲಿ ಅಮ್ಮ ಅಂದರು: "ಸರಿಯಾಗಿ ಊಟ ಮಾಡೋ ಮಗನೇ. ಎಷ್ಟು ಸೊರಗಿದ್ದೀಯ."

ನನ್ನ ಕಣ್ಣು ತುಂಬಿ ಬಂತು. ಎತ್ತರದ ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯ ಎದುರೇ ಬಿಕ್ಕುತ್ತ, "ಮಾಡ್ತೀನಮ್ಮ, ಈಗ್ಲೇ ಮಾಡ್ತೀನಿ," ಎಂದೆ.

"ನಿಂಗಲ್ವೋ ಹೇಳಿದ್ದು," ಎಂದು ಅಮ್ಮ ಫೋನ್ ಇಟ್ಟರು.