ಶ್ರೀರಾಮನ ಹೊಗೆಯ ಲೆಕ್ಕ

ಹೊಸಂಗಡಿಯಲ್ಲಿ ತೆಂಗಿನೆಣ್ಣೆಯ ಗಿರಣಿ ಇಟ್ಟುಕೊಂಡಿದ್ದ ಶ್ರೀರಾಮ ಒಂದು ಇಲೆಕ್ಟ್ರಿಕ್ ಗೂಡ್ಸ್ ಆಟೋಗಾಗಿ ಸಾಲ ಕೇಳಿದ್ದೇ ಎಲ್ಲದಕ್ಕೂ ಕಾರಣ. ಕಡಿಮೆ ಬಡ್ಡಿಯ ‘ಹಸುರು ಸಾಲ’ ಉಂಟು, ಆದರೆ ಹೊಸ ನಿಯಮದಂತೆ ನಿಮ್ಮ ವ್ಯಾಪಾರದಿಂದ ಗಾಳಿಗೆ ಎಷ್ಟು ಹೊಗೆ ಸೇರುತ್ತದೆಂದು ಆಡಿಟರು ಬಂದು ಲೆಕ್ಕ ಹಾಕಬೇಕು ಎಂದು ಬ್ಯಾಂಕು ಬರೆಯಿತು. ಗಾಳಿಯಲ್ಲಿ ಕರಗಿ ಹೋದ ಹೊಗೆಗೂ ಲೆಕ್ಕ ಇಡುವವರಿದ್ದಾರೆಂದು ತಿಳಿದು ಶ್ರೀರಾಮ ದಂಗಾದ. ಆ ಕಾಗದವನ್ನು ದೇವರ ಪಟದ ಹತ್ತಿರ ಇಟ್ಟು ಕೈ ಮುಗಿದ.

ಆಟೋ ಬೇಕಾಗಿದ್ದದ್ದು ಅವನ ಸೊಂಟಕ್ಕೆ. ಹದಿನೆಂಟು ವರ್ಷಗಳಿಂದ ಅವನು ದಿನಾ ಬೆಳಿಗ್ಗೆ ಎಣ್ಣೆಯ ಟಿನ್ನುಗಳನ್ನು ಹೊತ್ತು ರಸ್ತೆ ದಾಟಿ ವರ್ಕಾಡಿ ಬಸ್ಸಿಗೆ ಹಾಕುತ್ತಿದ್ದ. ಕಂಡಕ್ಟರ್ ವಿಖ್ಯಾತ್ ಅವನ್ನು ದಾರಿಯ ಅಂಗಡಿಗಳಲ್ಲಿ ಇಳಿಸಿ, ಖಾಲಿ ಟಿನ್ನುಗಳನ್ನು ಹಿಂದೆ ತಂದುಕೊಡುತ್ತಿದ್ದ. ಈಗೀಗ ಎರಡನೇ ಟಿನ್ನಿಗೇ ಸೊಂಟ ಹಿಡಿದುಕೊಳ್ಳುತ್ತಿತ್ತು. ಇನ್ನೊಂದು ವರ್ಷ ಹೀಗೆ ಹೊತ್ತರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಆಡಿಟರು ಬರುವ ದಿನ ಬೆಳ್ಳಂಬೆಳಿಗ್ಗೆ ಪಕ್ಕದ ಸಿಮೆಂಟ್ ಅಂಗಡಿಯ ಅಹ್ಮದ್ ಕುಂಞಿ ಸಲಹೆ ಕೊಡಲು ಹಾಜರಾದರು.

“ಬಸ್ಸಲ್ಲಿ ಕಳಿಸ್ತೇನೆ ಅಂತ ಮಾತ್ರ ಹೇಳ್ಬೇಡ ಮಾರಾಯ. ಒಂದು ಗಾಡಿಯೂ ಇಲ್ಲದವನಿಗೆ ಯಾರು ಸಾಲ ಕೊಡ್ತಾರೆ? ನನ್ನ ಟೆಂಪೋ ಉಂಟಲ್ಲ, ನಿಂದೇ ಅಂತ ಹೇಳು.”

“ಅದು ಡೀಸೆಲಿನದ್ದಲ್ವಾ ಅಹ್ಮದಾಕ? ಹೊಗೆ ಬಿಡ್ತದೆ.”

“ಸ್ಟಾರ್ಟ್ ಮಾಡಿದ್ರೆ ತಾನೆ!”

ಟೆಂಪೋ ಗಿರಣಿಯ ಎದುರಿಗೆ ಬಂದು ನಿಂತಿತು. ಹೆಂಡತಿ ಲೋಲಾಕ್ಷಿಗೂ ಹುರುಪು ಬಂತು. ಗಿರಾಕಿಗಳು ಎಣ್ಣೆಗೆಂದು ಮನೆಯಿಂದ ತಂದಿಟ್ಟಿದ್ದ ಹಳೇ ಬಾಟ್ಲಿಗಳನ್ನೆಲ್ಲ ಮರ್ಯಾದೆಗೇಡೆಂದು ಗೋಣಿಯಡಿ ಅಡಗಿಸಿ, ಹೊಸ ಪ್ಲಾಸ್ಟಿಕ್ ಬಾಟ್ಲಿಗಳನ್ನು ಸಾಲಾಗಿ ಜೋಡಿಸಿದಳು. ಹಸುರು ಸಾಲವಲ್ಲವೇ ಎಂದು ಬಾಗಿಲಿಗೆ ಪ್ಲಾಸ್ಟಿಕ್ ಹುಲ್ಲಿನ ಚಾಪೆಯನ್ನೂ ಹಾಸಿದಳು. ಗಿರಣಿ ಕಲ್ಯಾಣ ಮಂಟಪದ ಹಾಗೆ ಕಂಡಿತು.

ಆಡಿಟರ್ ಗೌತಮಿ ಎಂಟು ಗಂಟೆಗೆ ಲ್ಯಾಪ್‌ಟಾಪ್ ಹಿಡಿದು ಬಂದಳು.

“ಟೆಂಪೋ ನಿಮ್ದಾ? ದಿನಕ್ಕೆ ಎಷ್ಟು ಡೀಸೆಲ್?”

ಅವಳ ಹಿಂದೆ ನಿಂತಿದ್ದ ಅಹ್ಮದ್ ಕುಂಞಿ ಐದು ಬೆರಳು ತೋರಿಸಿದರು. ಸ್ವಲ್ಪ ದೊಡ್ಡಸ್ತಿಕೆ ಇರಲೆಂದು ಶ್ರೀರಾಮ “ಹತ್ತು ಲೀಟರ್” ಎಂದುಬಿಟ್ಟ. ಗೌತಮಿ ನಗುತ್ತಾ ಟೈಪ್ ಮಾಡಿಕೊಂಡಳು.

ಅಷ್ಟರಲ್ಲಿ ವರ್ಕಾಡಿ ಬಸ್ಸು ಬಂದು ಹಾರ್ನ್ ಮೇಲೆ ಹಾರ್ನ್ ಹೊಡೆಯಿತು. ವಿಖ್ಯಾತ್ ಖಾಲಿ ಟಿನ್ನುಗಳನ್ನು ಹಿಡಿದುಕೊಂಡು ಒಳಗೇ ನುಗ್ಗಿದ.

“ಶ್ರೀರಾಮಣ್ಣ, ಇವತ್ತು ಎಂತ ಟಿನ್ನು ತರ್ಲಿಲ್ಲ? ಹುಷಾರಿಲ್ವಾ? ಹದಿನೆಂಟು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ ನೀವು!”

ಅವನು ಟಿನ್ನುಗಳನ್ನು ಗೋಣಿಯ ಮೇಲೆ ಕುಕ್ಕಿದ ರಭಸಕ್ಕೆ ಹಳೇ ಬಾಟ್ಲಿಗಳು ಒಂದೊಂದಾಗಿ ಹೊರಗೆ ಉರುಳಿ ಗೌತಮಿಯ ಕಾಲ ಬಳಿ ನಿಂತವು. ಇನ್ನು ಮುಚ್ಚಿಡುವುದು ಸಾಧ್ಯವಿಲ್ಲವೆಂದು ಶ್ರೀರಾಮ ಎಲ್ಲವನ್ನೂ ಹೇಳಿಬಿಟ್ಟ. ಟೆಂಪೋ ತನ್ನದಲ್ಲ, ಎಣ್ಣೆ ಹೋಗುವುದು ಬಸ್ಸಿನಲ್ಲಿ, ತುಂಬಿಸುವುದು ಜನರ ಬಾಟ್ಲಿಗೆ, ಹಿಂಡಿ ಊರ ದನಗಳಿಗೆ, ತೆಂಗಿನ ಗೆರಟೆ ಪಕ್ಕದ ಹೋಟೆಲಿನ ಒಲೆಗೆ.

ಗೌತಮಿ ಬರೆದದ್ದನ್ನೆಲ್ಲ ಅಳಿಸಿ ಹೊಸದಾಗಿ ಲೆಕ್ಕ ಹಾಕಿದಳು. ಮತ್ತೊಮ್ಮೆ ಹಾಕಿದಳು. ಆಮೇಲೆ ಎದ್ದೇ ನಿಂತಳು.

“ಶ್ರೀರಾಮಣ್ಣ, ನಾನು ಇನ್ನೂರು ಕಂಪೆನಿ ನೋಡಿದ್ದೇನೆ. ಇಂಥದ್ದನ್ನು ನೋಡ್ಲಿಲ್ಲ. ನೂರಕ್ಕೆ ತೊಂಬತ್ತೆಂಟು ಮಾರ್ಕು!”

ಹೊರಗೆ ಡ್ರೈವರು ಕೇಳಲೆಂದು ಇಂಜಿನ್ ಆಫ್ ಮಾಡಿದ. ಬಸ್ಸಿನ ಕಿಟಕಿಗಳ ತುಂಬ ತಲೆಗಳು ಕಂಡವು. ಶ್ರೀರಾಮ ತನ್ನ ಜಿಡ್ಡು ಹಿಡಿದ ಟಿನ್ನುಗಳನ್ನು ಜೀವಮಾನದಲ್ಲೇ ಮೊದಲ ಸಲ ನೋಡುವವನಂತೆ ನೋಡಿದ. ನಾಚಿಕೆಯೆಂದು ಅಡಗಿಸಿಟ್ಟದ್ದೆಲ್ಲ ಇಷ್ಟು ದೊಡ್ಡ ವಿಷಯವೇ? ಅವನ ಕಣ್ಣು ತುಂಬಿ ಬಂತು. ಗೌತಮಿ ಮುಂದಿಟ್ಟ ಕಾಗದಕ್ಕೆ ಓದದೆಯೇ ಸಹಿ ಹಾಕಿದ.

“ಹಾಗಾದ್ರೆ ಮೇಡಂ, ಆಟೋ ಯಾವಾಗ ಸಿಗ್ತದೆ?”

“ಆಟೋವಾ? ಆ ಸಾಲ ಹೊಗೆ ಕಡಿಮೆ ಮಾಡುವವರಿಗೆ. ನಿಮ್ಮಲ್ಲಿ ಕಡಿಮೆ ಮಾಡ್ಲಿಕ್ಕೆ ಎಂತ ಉಂಟು?” ಗೌತಮಿ ಭಕ್ತಿಯಿಂದ ಕಾಗದವನ್ನು ಮಡಚಿದಳು. “ನೀವು ಈಗ ನಮ್ಮ ಮಾದರಿ ಘಟಕ. ಐದು ವರ್ಷ ಎಣ್ಣೆಯನ್ನು ಬಸ್ಸಲ್ಲೇ ಕಳಿಸ್ತೇನೆ ಅಂತ ಸಹಿ ಹಾಕಿದ್ದೀರಲ್ಲ. ಆ ಟೆಂಪೋ ನಿಮ್ದೇ ಆಗಿದ್ದಿದ್ರೆ ಇವತ್ತೇ ಸಾಲ ಮಂಜೂರು ಮಾಡಿಸ್ತಿದ್ದೆ. ಅಂದ ಹಾಗೆ, ಅದು ಯಾರ್ದು?”

ಅಹ್ಮದ್ ಕುಂಞಿ ಮೆಲ್ಲಗೆ ಕೈ ಎತ್ತಿದರು.

“ಲೇಟಾಯ್ತು ಶ್ರೀರಾಮಣ್ಣ!” ಎಂದು ವಿಖ್ಯಾತ್ ಕೂಗಿದ. ಶ್ರೀರಾಮ ಒಂದು ಕೈಯಲ್ಲಿ ಸೊಂಟ ಹಿಡಿದು ಮೊದಲ ಟಿನ್ನಿಗೆ ಬಗ್ಗಿದ. ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟಿನ್ನು ಹಿಡಿಯಲು ಮಾತ್ರ ಯಾರೂ ಇಳಿಯಲಿಲ್ಲ.