ಸೊಸೆಯ ಪಟ್ಟಿ, ನನ್ನ ಒಗ್ಗರಣೆ

ನಾಚಿಕೆಗೇಡಿನ ಪ್ರಸಂಗಗಳಿಗೆ ನಮ್ಮ ಮನೆಯ ವಿಳಾಸ ಯಾರು ಕೊಟ್ಟಿದ್ದರೋ, ತಪ್ಪದೆ ಬರುತ್ತಿದ್ದವು. ತೊಂಬತ್ತರ ದಶಕ. ರಾಣೆಬೆನ್ನೂರಿನ ನಮ್ಮ ಪಡಸಾಲೆಯಲ್ಲಿ ಸೊಸೆ ಎರಡು ಕಂಪ್ಯೂಟರ್ ಇಟ್ಟು ಕ್ಲಾಸ್ ತೆಗೆದಿದ್ದಳು. ಕಲಿಯುವವರು ಆರೇ ಜನ. ಇನ್ನಷ್ಟು ಮಂದಿ ಬರದಿದ್ದರೆ ಮುಚ್ಚುವುದೇ. ಬಾಗಿಲು ಕಾಯಲು ಅಕ್ಷರ ಬಾರದ ನಾನು.

೧. ಅಗಳಿ

"ಯಾರು?" ಎಂದರೆ ಎಲ್ಲರೂ "ನಾನು" ಅನ್ನುತ್ತಾರೆ. ಅದಕ್ಕೇ ಅಗಳಿ ತೆಗೆಯುವ ಮೊದಲು ನಾನೇ ಕೇಳುತ್ತಿದ್ದೆ.

"ಹಾಲಿನವ ಏನ?"

"ಅಲ್ರಿ."

"ಪೇಪರಿನವ ಏನ?"

"ಅಲ್ರಿ."

"ಬ್ಯಾಡಗಿಯಿಂದ ಮೆಣಸಿನಕಾಯಿ ತಂದೀ ಏನ?"

ಒಳಗೆ ಹುಡುಗರು ನಕ್ಕರು. ಸೊಸೆ ಅಂದಳು, "ನಗಬ್ಯಾಡ್ರಿ. ನಿಮ್ಮ ಪ್ರೋಗ್ರಾಮೂ ಹಿಂಗ ಕೇಳಾಕತ್ತೈತಿ. ಒತ್ತಿದ್ದು ಒಂದಾ? ಅಲ್ಲ. ಎರಡಾ? ಅಲ್ಲ. ಅದರ ಬದಲಿ ಒಂದು ಪಟ್ಟಿ ಇಡ್ರಿ. ಈ ಕಡೆ ಗುರುತು, ಆ ಕಡೆ ಅದರ ಫಂಕ್ಷನ್, ಅಂದ್ರ ಅದಕ್ಕ ಮಾಡೂ ಕೆಲಸ. ಗುರುತು ನೋಡಿದ ಕೂಡಲೇ ನೆಟ್ಟಗ ಕೆಲಸಕ್ಕ ಹೋಗೂದು."

ಹೊರಗಿನಿಂದ ದನಿ ಬಂತು, "ಪಾಠ ಮುಗಿದ ಮ್ಯಾಲರೆ ಬಾಗಿಲಾ ತಗೀವಾ ಮಗಳ. ನಾ ನಿಮ್ಮಪ್ಪ."

ಬೀಗರಿಗೆ ನಾನು ನೀರು ಕೊಡುವಾಗ ತಲೆ ಎತ್ತಲಿಲ್ಲ.

೨. ಏಣಿ

ಸೊಸೆ ನನಗೂ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದಳು, ಎಲ್ಲಾ ಚಿತ್ರದಲ್ಲಿ: ಈ ಕಡೆ ಬಂದವರು ತಂದದ್ದು, ಆ ಕಡೆ ನಾನು ತೋರಿಸಬೇಕಾದದ್ದು. ಹಾಲಿನ ಕ್ಯಾನಿನ ಎದುರು ಪಾತೇಲಿ, ಪುಸ್ತಕದ ಎದುರು ಕುರ್ಚಿ, ಚೀಲದ ಎದುರು ಹಿತ್ತಲ ಬಾಗಿಲು. ಒಂದು ದಿನ ಏಣಿ ಹೊತ್ತವನೊಬ್ಬ ಬಂದ. "ಏಣಿ ಚಿತ್ರ ಇಲ್ಲಪಾ" ಎಂದು ಕಳಿಸಿಬಿಟ್ಟೆ. ಅವನು ಕರೆಂಟು ರಿಪೇರಿಗೆ ಬಂದವನೆಂದು ಆಮೇಲೆ ತಿಳಿಯಿತು. ಎರಡು ದಿನ ಕ್ಲಾಸ್ ಕತ್ತಲೆ.

"ತಪ್ಪು ನಂದ ಅತ್ತಿ, ಪಟ್ಟಿಯೊಳಗ ಇಲ್ಲದವರು ಬಂದ್ರ ಏನು ಅಂತ ಹೇಳಲಿಲ್ಲ" ಎಂದು ಸೊಸೆ ಪಟ್ಟಿಯ ಕೊನೆಗೆ ತನ್ನದೇ ಚಿತ್ರ ಬರೆದಳು. ಬೇರೆ ಯಾರೇ ಬರಲಿ, ಆಕೆಯನ್ನು ಕರೆಯಬೇಕು. ಮರುದಿನ ಪಾಠದ ನಡುವೆ ಕರೆದೆ. ಕಟ್ಟೆಯ ಮೇಲೆ ಎಮ್ಮೆ ನಿಂತಿತ್ತು.

೩. ಒಗ್ಗರಣೆ

ಹಾವೇರಿಯ ಹೆಣ್ಣುಮಕ್ಕಳ ಶಾಲೆಯೊಂದರ ಬಾಯಾರು, ಅಂದರೆ ಟೀಚರು, ಕ್ಲಾಸ್ ನೋಡಲು ಬರುವವರಿದ್ದರು. ಮನಸ್ಸಿಗೆ ಬಂದರೆ ಹುಡುಗಿಯರನ್ನು ಕಳಿಸುತ್ತಾರೆ. ಸೊಸೆ ಹೇಳಿದಳು, "ಅತ್ತಿ, ಚಾ ಅಂದ್ರ ಚಾ, ಮಂಡಕ್ಕಿ ಅಂದ್ರ ಒಗ್ಗರಣಿ ಮಂಡಕ್ಕಿ, ಉಪ್ಪಿಟ್ಟಂದ್ರ ಉಪ್ಪಿಟ್ಟು. ತಲ್ಯಾಗ ಇಟ್ಕೋರಿ, ಅವರು ಕೇಳಿದ್ದಷ್ಟ ಮಾಡ್ರಿ."

ಕೇಳುವ ತನಕ ಕಾಯುವುದು ಮರ್ಯಾದೆಯೇ ಎಂದು ಮೂರನ್ನೂ ಒಟ್ಟಿಗೆ ಒಲೆಗೆ ಏರಿಸಿದೆ. ಚಹಾ ಉಕ್ಕಿತು, ಅದನ್ನು ಇಳಿಸುವುದರಲ್ಲಿ ಒಗ್ಗರಣೆ ಸೀದಿತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ ಅನ್ನುವವರು ಅದರ ಹೊಗೆ ಕುಡಿದಿಲ್ಲ. ಆಗಷ್ಟೇ ಬಂದು ಕೂತಿದ್ದ ಬಾಯಾರು ಕೆಮ್ಮುತ್ತಾ ಅಂಗಳಕ್ಕೆ ಓಡಿದರು, ಹಿಂದೆ ಆರೂ ಹುಡುಗರು.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತೆ. ಸೊಸೆ ಮಾತ್ರ ಕಣ್ಣೊರೆಸುತ್ತಲೇ ಪಾಠ ಮುಂದುವರಿಸಿದಳು. "ನೋಡ್ರಿ, ನೀವೂ ಇದ ತಪ್ಪು ಮಾಡೀರಿ. ಪಟ್ಟಿಯೊಳಗ ಫಂಕ್ಷನ್ ಹೆಸರಷ್ಟ ಇಡಬೇಕು. ಮುಂದ ಕಂಸ, ಅಂದ್ರ ಬ್ರ್ಯಾಕೆಟ್, ಹಾಕಿದ್ರ ಈಗಲೇ ಮಾಡು ಅಂದ್ಹಂಗ; ಯಾರೂ ಕೇಳೂಕಿಂತ ಮೊದಲ ಎಲ್ಲಾ ಕೆಲಸ ಒಮ್ಮೆಲೇ ಶುರು ಆಗ್ತಾವು."

ಬಾಯಾರು ಕೆಮ್ಮು ತಡೆದು ಹೇಳಿದರು, "ನನಗೂ ತಿಳೀತು ನೋಡ್ರಿ. ಹುಡುಗ್ಯಾರನ್ನ ಕಳಸ್ತೇನಿ. ಈ ಪಾಠ ಒಂದು ಬಿಟ್ಟು ಉಳಿದದ್ದೆಲ್ಲಾ ಕಲಸ್ರಿ."